ಆರ್ಸೆನಿಕ್ ಬ್ಯಾಕ್ಟೀರಿಯ: ವಾದ ಜಾರಿದ್ದೆಲ್ಲಿ?

ರಂಜಕದ ಬದಲು ಆರ್ಸೆನಿಕ್ಕನ್ನು ಮೈಗೂಡಿಸಿಕೊಂಡು ಬದುಕಬಲ್ಲ ಬ್ಯಾಕ್ಟೀರಿಯವೊಂದು ಸಿಕ್ಕಿದೆ ಎಂದು 2010ರ ಡಿಸೆಂಬರ್ 2ರಂದು ಅಮೆರಿಕದ ನಾಸಾ ಸಂಸ್ಥೆ ಪತ್ರಿಕಾಗೋಷ್ಠಿ ಕರೆದು ಸಾರಿತು. ಅಂದೇ ‘ಸೈನ್ಸ್’ ಪತ್ರಿಕೆಯು ಫೆಲಿಸಾ ವುಲ್ಫ್-ಸೈಮನ್ ಮತ್ತು ಸಂಗಡಿಗರ ಪ್ರಬಂಧವನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. 2025ರ ಜುಲೈ 24ರಂದು ಅದೇ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಆದರೆ ಸುದ್ದಿ ಹರಡಿದಷ್ಟು ವೇಗವಾಗಿ ಅದರ ನಿರಾಕರಣೆ ಹರಡುವುದಿಲ್ಲ. ನಮ್ಮ ಕಾಲೇಜು ಸೆಮಿನಾರುಗಳಲ್ಲಿ ಈ ‘ಆರ್ಸೆನಿಕ್ ಜೀವಿ’ಯ ಮಾತು ಇನ್ನೂ ಕಿವಿಗೆ ಬೀಳುತ್ತದೆ. ಆದ್ದರಿಂದ ಆ ಪ್ರಬಂಧವನ್ನು ಮತ್ತೆ ತೆರೆದು ನೋಡಬೇಕಾಗಿದೆ. ಭೌತವಿಜ್ಞಾನದವನಾದ ನಾನು ಜೀವವಿಜ್ಞಾನಿಗಳ ಅಂಗಳಕ್ಕೆ ಕಾಲಿಡಲು ಕಾರಣವಿದೆ: ಇಲ್ಲಿನ ಮುಖ್ಯ ಆಕ್ಷೇಪಗಳು ಸರಳ ಗುಣಾಕಾರ ಭಾಗಾಕಾರಕ್ಕೂ ಶಕ್ತಿಯ ಜಮಾಖರ್ಚಿಗೂ ಸೇರಿದವು.

ಕ್ಯಾಲಿಫೋರ್ನಿಯದ ಮೋನೋ ಸರೋವರಕ್ಕೆ ನೀರಿನ ಒಳಹರಿವು ಉಂಟು, ಹೊರಹರಿವು ಇಲ್ಲ. ನೀರು ಆವಿಯಾಗಿ ಲವಣಗಳು ಉಳಿಯುತ್ತವೆ. ಹೀಗಾಗಿ ಅದರ ಉಪ್ಪಿನಂಶ ಸಮುದ್ರದ ಎರಡೂವರೆ ಪಟ್ಟಿಗೂ ಹೆಚ್ಚು. ಪಿಎಚ್ ಸುಮಾರು 9.8, ಆರ್ಸೆನಿಕ್ ಸುಮಾರು 200 ಮೈಕ್ರೊಮೋಲಾರ್, ಅಂದರೆ ಲೀಟರಿಗೆ 15 ಮಿಲಿಗ್ರಾಮ್. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿಯ 1,500 ಪಟ್ಟು ಇದು. ಈ ಸರೋವರದ ಕೆಸರಿನಿಂದ ಬೇರ್ಪಡಿಸಿದ, ಹ್ಯಾಲೊಮೊನಾಸ್ ಬಳಗದ ಬ್ಯಾಕ್ಟೀರಿಯಕ್ಕೆ ಜಿಎಫ್‌ಎಜೆ-1 ಎಂದು ಹೆಸರಿಟ್ಟರು.

ಆವರ್ತ ಕೋಷ್ಟಕದಲ್ಲಿ ಆರ್ಸೆನಿಕ್ಕಿನ ಸ್ಥಾನ ರಂಜಕದ ಕೆಳಗೆ. ಆರ್ಸೆನೇಟ್ ಮತ್ತು ಫಾಸ್ಫೇಟ್ ಅಯಾನುಗಳ ಆಕಾರವೂ ಗಾತ್ರವೂ ಬಹುಮಟ್ಟಿಗೆ ಒಂದೇ. ಜೀವಕೋಶ ಇದನ್ನು ಅದೆಂದು ಭ್ರಮಿಸಿ ಒಳಗೆ ಬಿಟ್ಟುಕೊಳ್ಳುವುದರಿಂದಲೇ ಆರ್ಸೆನೇಟ್ ವಿಷವಾಗಿದೆ. ಡಿಎನ್‌ಎಯ ಬೆನ್ನೆಲುಬಿನಲ್ಲೂ ಎಟಿಪಿಯಲ್ಲೂ ಇರುವುದು ಫಾಸ್ಫೇಟ್. ಜಿಎಫ್‌ಎಜೆ-1 ಆ ಜಾಗದಲ್ಲಿ ಆರ್ಸೆನೇಟನ್ನು ಕೂರಿಸಿಕೊಳ್ಳುತ್ತದೆ ಎಂಬುದು ಪ್ರಬಂಧದ ಪ್ರತಿಪಾದನೆ.

ಪ್ರಯೋಗದ ಪೋಷಕ ದ್ರಾವಣದಲ್ಲಿ ಆರ್ಸೆನೇಟ್ 40 ಮಿಲಿಮೋಲಾರ್ ಇತ್ತು. ಫಾಸ್ಫೇಟ್ ಹಾಕಿರಲಿಲ್ಲ, ಆದರೆ ಇತರ ಲವಣಗಳ ಕಲ್ಮಶವಾಗಿ ಸುಮಾರು 3 ಮೈಕ್ರೊಮೋಲಾರ್ ಸೇರಿಕೊಂಡಿತ್ತು. ಇದನ್ನು ಲೇಖಕರೇ ಅಳೆದು ತಿಳಿಸಿದ್ದಾರೆ. ಅತ್ಯಲ್ಪ ಎನಿಸುತ್ತದೆಯಲ್ಲವೆ? ಲೆಕ್ಕ ಹಾಕೋಣ. ಒಂದು ಮಿಲಿಲೀಟರಿನಲ್ಲಿ 3 ನ್ಯಾನೊಮೋಲ್, ಎಂದರೆ ಸುಮಾರು 90 ನ್ಯಾನೊಗ್ರಾಮ್ ರಂಜಕ. ಒಂದು ಸಾಮಾನ್ಯ ಬ್ಯಾಕ್ಟೀರಿಯದ ಒಣತೂಕ 0.3 ಪಿಕೊಗ್ರಾಮ್, ಅದರಲ್ಲಿ ರಂಜಕ ಶೇಕಡ 3 ಎಂದಿಟ್ಟುಕೊಳ್ಳಿ. ಆಗ ಆ ಕಲ್ಮಶವೊಂದರಿಂದಲೇ ಮಿಲಿಲೀಟರಿಗೆ ಒಂದು ಕೋಟಿ ಕೋಶಗಳು ಸಿದ್ಧವಾಗುತ್ತವೆ. ಜಿಪುಣತನದಿಂದ ಶೇಕಡ 1ರಲ್ಲಿ ಬದುಕಿದರೆ ಮೂರು ಕೋಟಿ. ಪ್ರಬಂಧದ ನಕ್ಷೆಯಲ್ಲಿ ಕಾಣುವ ಬೆಳವಣಿಗೆಯೂ ಇದೇ ಅಳತೆಯದು! ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ರೋಸ್‌ಮೇರಿ ರೆಡ್‌ಫೀಲ್ಡ್ ಕೆಲವೇ ದಿನಗಳಲ್ಲಿ ಇಂಥ ಲೆಕ್ಕವನ್ನು ಮುಂದಿಟ್ಟರು.

ಲೇಖಕರ ಕಡೆಯ ವಾದವನ್ನೂ ನ್ಯಾಯವಾಗಿ ಹೇಳಬೇಕು. ಅದೇ ಕಲ್ಮಶವಿದ್ದು ಆರ್ಸೆನೇಟ್ ಇಲ್ಲದ ದ್ರಾವಣದಲ್ಲಿ ಬ್ಯಾಕ್ಟೀರಿಯ ಬೆಳೆಯಲಿಲ್ಲ. ಆದ್ದರಿಂದ ಬೆಳೆಸಿದ್ದು ಆರ್ಸೆನೇಟೇ ಎಂದರು. ಇದು ಹಗುರವಾದ ವಾದವಲ್ಲ. ಆದರೆ ‘ಆರ್ಸೆನೇಟ್ ಇದ್ದಾಗ ಬೆಳೆಯಿತು’ ಎಂಬುದಕ್ಕೂ ‘ಆರ್ಸೆನೇಟಿನಿಂದ ಮೈ ಕಟ್ಟಿಕೊಂಡಿತು’ ಎಂಬುದಕ್ಕೂ ನಡುವೆ ದೊಡ್ಡ ಕಂದಕವಿದೆ. ಇದಕ್ಕೆ ಬೇರೊಂದು ವಿವರಣೆ 2012ರಲ್ಲಿ ಬಂತು. ಆರ್ಸೆನೇಟ್ ಸೋಕಿದ ಇ. ಕೋಲೈ ಬ್ಯಾಕ್ಟೀರಿಯಗಳು ತಮ್ಮ ರೈಬೊಸೋಮುಗಳನ್ನು ಭಾರಿ ಪ್ರಮಾಣದಲ್ಲಿ ಒಡೆಯುತ್ತವೆ; ಹಾಗೆ ಬಿಡುಗಡೆಯಾದ ಫಾಸ್ಫೇಟ್ ಮುಂದಿನ ಬೆಳವಣಿಗೆಗೆ ಒದಗುತ್ತದೆ. ಮನೆಯ ತೊಲೆ ಕಿತ್ತು ಒಲೆಗೆ ಹಾಕಿದಂತೆ.

ಇನ್ನೊಂದು ಆಕ್ಷೇಪ ನನಗೆ ಎಲ್ಲಕ್ಕಿಂತ ಬಲವಾದುದಾಗಿ ಕಾಣುತ್ತದೆ. ಡಿಎನ್‌ಎಯ ಫಾಸ್ಫೇಟ್ ಕೊಂಡಿಯು ನೀರಿನಲ್ಲಿ ತಾನಾಗಿ ಕಳಚಿಕೊಳ್ಳುವ ಅರ್ಧಾಯು ಸಾಧಾರಣ ಉಷ್ಣತೆಯಲ್ಲಿ ಸುಮಾರು 3 ಕೋಟಿ ವರ್ಷ. ಅಲ್ಲಿ ಆರ್ಸೆನೇಟ್ ಇದ್ದರೆ ಆ ಅರ್ಧಾಯು ಸುಮಾರು 0.06 ಸೆಕೆಂಡ್ ಎಂದು 2011ರಲ್ಲಿ ಅಂದಾಜು ಮಾಡಲಾಯಿತು. ಎರಡರ ಅನುಪಾತ ಬರೆಯಲು ಒಂದರ ಮುಂದೆ ಹದಿನಾರು ಸೊನ್ನೆ ಬೇಕು. ಪ್ರಬಂಧದ ಲೇಖಕರಾದರೋ ಡಿಎನ್‌ಎಯನ್ನು ಕೋಶದಿಂದ ಹೊರತೆಗೆದು, ನೀರಿನಂಶದ ಜೆಲ್‌ನಲ್ಲಿ ಓಡಿಸಿ, ಅಖಂಡ ಪಟ್ಟಿಯಾಗಿ ತೋರಿಸಿದ್ದರು. ಆ ಪಟ್ಟಿ ಚೂರಾಗದೆ ಉಳಿದುದೇ ಅದರ ಬೆನ್ನೆಲುಬು ಫಾಸ್ಫೇಟಿನದು ಎಂಬುದಕ್ಕೆ ಸಾಕ್ಷಿ. ತಮ್ಮ ಚಿತ್ರದಲ್ಲೇ ಉತ್ತರವಿದ್ದರೂ ಅವರು ಅದನ್ನು ಓದಲಿಲ್ಲ. ಪ್ರಕಟಣೆಗೆ ಮುನ್ನ ಪರಿಶೀಲಿಸಿದವರೂ ಓದಲಿಲ್ಲ.

2012ರ ಜುಲೈಯಲ್ಲಿ ‘ಸೈನ್ಸ್’ ಪತ್ರಿಕೆಯೇ ಎರಡು ಪ್ರಬಂಧಗಳನ್ನು ಪ್ರಕಟಿಸಿತು: ಒಂದು ರೆಡ್‌ಫೀಲ್ಡ್ ಮತ್ತು ಸಂಗಡಿಗರದು, ಇನ್ನೊಂದು ಜ್ಯೂರಿಕ್‌ನ ಜೂಲಿಯಾ ಫೋರ್‌ಹೋಲ್ಟ್ ತಂಡದ್ದು. ಚೆನ್ನಾಗಿ ತೊಳೆದ ಡಿಎನ್‌ಎಯಲ್ಲಿ ಆರ್ಸೆನೇಟ್ ಕಾಣಲಿಲ್ಲ. ಜಿಎಫ್‌ಎಜೆ-1 ಆರ್ಸೆನೇಟನ್ನು ತಾಳಿಕೊಳ್ಳುತ್ತದೆ, ಆದರೆ ಫಾಸ್ಫೇಟ್ ಇಲ್ಲದೆ ಬೆಳೆಯಲಾರದು ಎಂದು ತೀರ್ಮಾನವಾಯಿತು. ನನ್ನ ಮಟ್ಟಿಗೆ ವಿಷಯ ಅಂದೇ ಇತ್ಯರ್ಥವಾಯಿತು. ವಂಚನೆ ಇಲ್ಲದಿದ್ದರೂ ಪ್ರಯೋಗಗಳು ಮುಖ್ಯ ತೀರ್ಮಾನವನ್ನು ಸಮರ್ಥಿಸದಿದ್ದರೆ ಹಿಂತೆಗೆತ ಸರಿ ಎಂಬುದು ಸಂಪಾದಕರು 2025ರಲ್ಲಿ ಕೊಟ್ಟ ಕಾರಣ. ಲೇಖಕರು ಅದನ್ನು ಒಪ್ಪಲಿಲ್ಲ. ಹಿಂತೆಗೆತವೆಂದರೆ ಮೋಸವೆಂದೇ ಜನ ತಿಳಿಯುವುದರಿಂದ, ಪ್ರಾಮಾಣಿಕ ತಪ್ಪಿಗೂ ಅದೇ ಮುದ್ರೆ ಒತ್ತುವುದು ನನಗೆ ಸರಿಕಾಣುವುದಿಲ್ಲ. ದೋಷ ಹೆಚ್ಚಾಗಿ ಪತ್ರಿಕಾಗೋಷ್ಠಿಯ ಆತುರದಲ್ಲಿತ್ತು.

ಈ ಗದ್ದಲದಲ್ಲಿ ನಿಜವಾದ ಅಚ್ಚರಿ ಮರೆಯಾಯಿತು. 2012ರಲ್ಲೇ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಡಾನ್ ತಾವ್ಫಿಕ್ ತಂಡ ಜಿಎಫ್‌ಎಜೆ-1ರ ಫಾಸ್ಫೇಟ್ ಹಿಡಿಯುವ ಪ್ರೋಟೀನನ್ನು ಪರೀಕ್ಷಿಸಿ ‘ನೇಚರ್’ನಲ್ಲಿ ವರದಿ ಮಾಡಿತು. ಅದು ಆರ್ಸೆನೇಟಿಗಿಂತ ಫಾಸ್ಫೇಟನ್ನು ಸುಮಾರು 4,500 ಪಟ್ಟು ಹೆಚ್ಚಾಗಿ ಆರಿಸಿಕೊಳ್ಳುತ್ತದೆ! ಇಂಥ ಪ್ರೋಟೀನುಗಳಲ್ಲಿ ಈ ಆಯ್ಕೆಯ ಗುಟ್ಟು ಒಂದು ಹೈಡ್ರೊಜನ್ ಬಂಧದ ಕೋನದಲ್ಲಿದೆ. ತುಸು ದೊಡ್ಡದಾದ ಆರ್ಸೆನೇಟ್ ಕುಳಿತಾಗ ಆ ಕೋನ ಕೆಡುತ್ತದೆ. ಆರ್ಸೆನಿಕ್ ತುಂಬಿದ ಸರೋವರದ ಜೀವಿ ಆರ್ಸೆನಿಕ್ಕನ್ನು ಅಪ್ಪಿಕೊಂಡಿಲ್ಲ, ಅದನ್ನು ಹೊರಗಿಡುವುದರಲ್ಲಿ ಪಳಗಿದೆ.

ಇಲ್ಲಿ ಅಧ್ಯಾಪಕರು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಆರ್ಸೆನೇಟನ್ನು ‘ಉಸಿರಾಡುವ’ ಬ್ಯಾಕ್ಟೀರಿಯಗಳು ನಿಜವಾಗಿಯೂ ಇವೆ, ಮೋನೋ ಸರೋವರದಲ್ಲೇ ಇವೆ. ನಾವು ಆಮ್ಲಜನಕಕ್ಕೆ ಎಲೆಕ್ಟ್ರಾನುಗಳನ್ನು ಒಪ್ಪಿಸುವಂತೆ ಅವು ಆರ್ಸೆನೇಟಿಗೆ ಒಪ್ಪಿಸುತ್ತವೆ. ಅದು ಶಕ್ತಿ ಪಡೆಯುವ ವಿಧಾನ, ಮೈ ಕಟ್ಟುವ ವಿಧಾನವಲ್ಲ. ಚಯಾಪಚಯದ ಪಾಠದಲ್ಲಿ ಈ ಎರಡನ್ನು ಬೆರೆಸಿದರೆ 2010ರ ಗೊಂದಲವೇ ಮರುಕಳಿಸುತ್ತದೆ.

ಪ್ರತಿಕೂಲ ಪರಿಸರಕ್ಕೆ ಹೊಂದಿಕೊಳ್ಳುವುದೆಂದರೆ ಬಹುಪಾಲು ಇಷ್ಟೆ: ಹೊರಗೆ ಏನೇ ಇರಲಿ, ಶಕ್ತಿ ವ್ಯಯಿಸಿ ಕೋಶದೊಳಗಿನ ರಸಾಯನವನ್ನು ಸಾಧಾರಣವಾಗಿ ಇಟ್ಟುಕೊಳ್ಳುವುದು. ಜೈವಿಕ ತಂತ್ರಜ್ಞಾನ ಲಾಭ ಪಡೆಯುವುದೂ ಈ ಖರ್ಚಿನಿಂದಲೇ. ಜಿಎಫ್‌ಎಜೆ-1ರ ಸಂಬಂಧಿ ಹ್ಯಾಲೊಮೊನಾಸ್ ಎಲಾಂಗೇಟ ಶೇಕಡ 10ರ ಉಪ್ಪುನೀರಿನಲ್ಲಿ ಬೆಳೆಯುತ್ತದೆ. ಆ ನೀರಿನ ಪರಾಸರಣ ಒತ್ತಡ ಸುಮಾರು 80 ವಾಯುಮಂಡಲದಷ್ಟು. ಅದಕ್ಕೆ ಸಮತೂಕವಾಗಿ ಬ್ಯಾಕ್ಟೀರಿಯವು ಎಕ್ಟೋಯಿನ್ ಎಂಬ ನಿರುಪದ್ರವಿ ಸಂಯುಕ್ತವನ್ನು ಒಳಗೆ ತುಂಬಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಉಪ್ಪನ್ನು ಶೇಕಡ 3ಕ್ಕೆ ಇಳಿಸಿದರೆ ಎಕ್ಟೋಯಿನನ್ನು ಹೊರಚೆಲ್ಲುತ್ತದೆ. ಮತ್ತೆ ಉಪ್ಪುನೀರಿಗೆ ಬಿಟ್ಟರೆ ಮತ್ತೆ ತಯಾರಿಸಿಕೊಳ್ಳುತ್ತದೆ. ಜರ್ಮನಿಯಲ್ಲಿ ರೂಪುಗೊಂಡ ಈ ಕ್ರಮಕ್ಕೆ ‘ಬ್ಯಾಕ್ಟೀರಿಯ ಹಾಲು ಕರೆಯುವುದು’ ಎಂದೇ ಹೆಸರು. ಚರ್ಮದ ಲೇಪನಗಳಲ್ಲಿ ಎಕ್ಟೋಯಿನ್ ಬಳಕೆಯಲ್ಲಿದೆ.

ಆರ್ಸೆನಿಕ್ಕಿನದೇ ಉದಾಹರಣೆ ಬೇಕಿದ್ದರೆ ಚಿನ್ನದ ಗಣಿಗೆ ಹೋಗಬೇಕು. ಆರ್ಸೆನೊಪೈರೈಟಿನಲ್ಲಿ ಹುದುಗಿದ ಚಿನ್ನ ಸಯನೈಡಿಗೆ ಸಿಗುವುದಿಲ್ಲ. ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಬ್ಯಾಕ್ಟೀರಿಯಗಳೇ ಆ ಖನಿಜವನ್ನು ಒಡೆಯುತ್ತಿವೆ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಅದಿರಿನ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎ. ನಟರಾಜನ್ ಮತ್ತು ಸಹೋದ್ಯೋಗಿಗಳು ಇದೇ ಬಗೆಯ ಸಂಶೋಧನೆ ನಡೆಸಿದ್ದಾರೆ. ಇಂಥ ಬ್ಯಾಕ್ಟೀರಿಯಗಳ ಆಹಾರ ಕಬ್ಬಿಣದ ಎಲೆಕ್ಟ್ರಾನು. ಪಿಎಚ್ 2ರಲ್ಲಿ ಒಂದು ಮೋಲ್ ಫೆರಸ್ ಕಬ್ಬಿಣ ಉತ್ಕರ್ಷಣಗೊಂಡರೆ ದೊರೆಯುವುದು ಹೆಚ್ಚೆಂದರೆ 33 ಕಿಲೊಜೂಲ್; ಒಂದು ಮೋಲ್ ಗ್ಲೂಕೋಸಿನಿಂದ ಸುಮಾರು 2,870. ಇಷ್ಟು ಬಡ ಆಹಾರದಲ್ಲಿ ಬದುಕಲು ರಾಶಿ ರಾಶಿ ಕಬ್ಬಿಣ ಜೀರ್ಣಿಸಬೇಕು. ಗಣಿಗೆ ಬೇಕಾದ್ದೂ ಅದೇ. ಹೊರಗಿನ ಆಮ್ಲದಲ್ಲಿ ಪ್ರೋಟಾನುಗಳು ಒಳಗಿನದಕ್ಕಿಂತ ಹತ್ತಾರು ಸಾವಿರ ಪಟ್ಟು ಸಾಂದ್ರ. ಒಳನುಗ್ಗಿದವನ್ನು ಆಮ್ಲಜನಕದೊಂದಿಗೆ ಸೇರಿಸಿ ನೀರಾಗಿಸುವುದಕ್ಕೂ ಆ ಕಬ್ಬಿಣದ ಎಲೆಕ್ಟ್ರಾನೇ ಬೇಕು.

ಫೇರ್‌ವ್ಯೂ ತೊಟ್ಟಿಗಳ ಬ್ಯಾಕ್ಟೀರಿಯಗಳು ಮೊದಮೊದಲು ಅದಿರಿನಿಂದ ಕರಗಿ ಬಂದ ಆರ್ಸೆನಿಕ್ಕಿಗೆ ತತ್ತರಿಸುತ್ತಿದ್ದವು. ಸತತ ಕೃಷಿಯಲ್ಲಿ ಅವುಗಳ ಸಹನೆ ಹೆಚ್ಚಿತು. ಮುಂದೆ ಅವುಗಳ ಜೀನುಗಳನ್ನು ಪರಿಶೀಲಿಸಿದಾಗ ಸಿಕ್ಕಿದ್ದು ಜಾಗ ಬದಲಿಸಬಲ್ಲ ಡಿಎನ್‌ಎ ತುಣುಕಿನ ಮೇಲೆ ಕುಳಿತು ಬಂದ ಆರ್ಸೆನಿಕ್ ಪ್ರತಿರೋಧದ ಜೀನುಗಳು. ಅವು ತಯಾರಿಸುವ ಪ್ರೋಟೀನುಗಳು ಆರ್ಸೆನೇಟನ್ನು ಆರ್ಸೆನೈಟಾಗಿ ಬದಲಿಸಿ ಕೋಶದಿಂದ ಹೊರದಬ್ಬುತ್ತವೆ.