‘ಶೈನ್’ ಮತ್ತು ‘ಬೆಳಗು’: ಸಮಾನಪದವೆಂಬ ಗ್ರಹಿಕೆಯ ಮಿತಿ

ಇಂಗ್ಲಿಷಿನ ‘ಶೈನ್’ ಕ್ರಿಯಾಪದಕ್ಕೆ ‘ಹೊಳೆ, ಬೆಳಗು, ಪ್ರಕಾಶಿಸು’ ಎಂದು ಸಾಲಾಗಿ ಅರ್ಥ ಕೊಡುವುದು ದ್ವಿಭಾಷಾ ನಿಘಂಟುಗಳ ರೂಢಿ. ಇವು ಒಂದರ ಬದಲು ಇನ್ನೊಂದು ನಿಲ್ಲಬಲ್ಲ ಪದಗಳೆಂಬ ಗ್ರಹಿಕೆಯನ್ನು ಈ ಕ್ರಮ ಹುಟ್ಟಿಸುತ್ತದೆ. ವಾಕ್ಯರಚನೆಯನ್ನು ಪರಿಶೀಲಿಸಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ.

‘ಹೊಳೆ’ ಅಕರ್ಮಕ ಧಾತು. ‘ಚಿನ್ನ ಹೊಳೆಯುತ್ತದೆ’ ಎಂಬುದು ಸಾಧು. ‘ಚಿನ್ನವನ್ನು ಹೊಳೆದಳು’ ಎಂಬುದು ಅಸಾಧು. ಚತುರ್ಥಿ ವಿಭಕ್ತಿಯ ಅನುಭವಿ ಸೇರಿದಾಗ ಅದರ ಅರ್ಥ ಬುದ್ಧಿಯ ವಲಯಕ್ಕೆ ಸರಿಯುತ್ತದೆ: ‘ನನಗೆ ಉಪಾಯ ಹೊಳೆಯಿತು’. ‘ಬೆಳಗು’ ಧಾತುವಾದರೋ ಯಾವ ಪ್ರೇರಣಾರ್ಥಕ ಪ್ರತ್ಯಯವೂ ಇಲ್ಲದೆ ಎರಡೂ ಬಗೆಯಲ್ಲಿ ವರ್ತಿಸುತ್ತದೆ: ‘ದೀಪ ಬೆಳಗಿತು’, ‘ದೀಪವನ್ನು ಬೆಳಗಿದಳು’. ಕರ್ಮಪದ ಬದಲಾದಂತೆ ಕ್ರಿಯೆಯೂ ಬದಲಾಗುತ್ತದೆ. ದೀಪ ಬೆಳಗುವುದು ಹೊತ್ತಿಸುವುದು. ಆರತಿ ಬೆಳಗುವುದು ಎತ್ತಿ ಸುತ್ತಿಸುವುದು. ಪಾತ್ರೆ ಬೆಳಗುವುದು ತಿಕ್ಕಿ ಶುಚಿಗೊಳಿಸುವುದು.

ಇಂಗ್ಲಿಷಿನಲ್ಲೂ ಇದಕ್ಕೆ ಹತ್ತಿರದ ಭೇದವೊಂದಿದೆ. ಸೂರ್ಯನಿಗೆ ಭೂತಕಾಲದಲ್ಲಿ ‘ಶೋನ್’ ಸಹಜ. ಬೂಟು ಉಜ್ಜಿದ್ದಕ್ಕೆ ‘ಶೈನ್ಡ್’ ಸಹಜ. ಅಲ್ಲಿ ಭೂತರೂಪಗಳು ಹಂಚಿಕೊಂಡ ಕೆಲಸವನ್ನು ಇಲ್ಲಿ ಒಂದೇ ಧಾತು ನಿರ್ವಹಿಸುತ್ತದೆ. ಆದರೆ ಬೂಟನ್ನು ಯಾರೂ ‘ಬೆಳಗು’ವುದಿಲ್ಲ. ಸಾಮ್ಯವಿರುವುದು ರಚನೆಯಲ್ಲಿ, ಪ್ರಯೋಗದ ವ್ಯಾಪ್ತಿಯಲ್ಲಲ್ಲ.

ಈ ವ್ಯಾಪ್ತಿಯ ಕಾರಣವನ್ನು ಮೂಲಧಾತುವಿನಲ್ಲಿ ಹುಡುಕಬೇಕು. ಬರೊ ಮತ್ತು ಎಮಿನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ (1961, ಪರಿಷ್ಕೃತ ಆವೃತ್ತಿ 1984) ಬೆಳ್, ಬೆಳಗು, ಬೆಳಕು, ಬೆಳ್ಳಿ ಪದಗಳನ್ನು ತಮಿಳಿನ ‘ವೆಳ್’ ಜೊತೆ ಒಂದೇ ಗುಂಪಿನಲ್ಲಿ ಇರಿಸುತ್ತದೆ. ಬಿಳುಪು, ಶುದ್ಧಿ, ಕಾಂತಿ ಈ ಮೂರೂ ಅಲ್ಲಿ ಕೂಡಿವೆ. ಹೀಗಾಗಿ ಪಾತ್ರೆ ಬೆಳಗುವುದು ಆಕಸ್ಮಿಕ ಅರ್ಥವಿಸ್ತರಣೆಯಲ್ಲ. ಕೊಳೆ ಕಳೆದು ಬಿಳುಪು ತರುವುದು ಧಾತುವಿನ ಅರ್ಥವಲಯದೊಳಗೇ ಇದೆ.

ಆದರೆ ಧಾತುಸಂಬಂಧವನ್ನು ಧ್ವನಿಸಾಮ್ಯದಿಂದ ತೀರ್ಮಾನಿಸಲಾಗದು. ಶ್ರೀರಂಗಪಟ್ಟಣ ತಾಲ್ಲೂಕಿನ ‘ಬೆಳಗೊಳ’ವನ್ನು ‘ಬೆಳಗುವ ಕೊಳ’ ಎಂದು ಬಿಡಿಸುವುದು ಸುಲಭ, ಆದರೆ ಸಲ್ಲದು. ಇಲ್ಲಿಯ ಗಕಾರ ‘ಬೆಳಗು’ವಿನದಲ್ಲ, ಬೆಳ್ + ಕೊಳ ಎಂಬಲ್ಲಿ ಕಕಾರಕ್ಕೆ ಬಂದ ಆದೇಶ. ‘ಬೆಳ್ಗೊಳ’ ರೂಪ ಸ್ವರಾಗಮದಿಂದ ‘ಬೆಳಗೊಳ’ವಾಗುತ್ತದೆ. ಶ್ರವಣಬೆಳಗೊಳದ ಶಾಸನಗಳು ಊರ ಹೆಸರನ್ನು ಸಂಸ್ಕೃತದಲ್ಲಿ ‘ಧವಳ ಸರೋವರ’ ಎಂಬರ್ಥದ ಪದಗಳಿಂದ ಹೇಳಿರುವುದು ಈ ವಿಶ್ಲೇಷಣೆಗೆ ಪೋಷಕ. ಹೆಸರಿನಲ್ಲಿರುವುದು ಕಾಂತಿಯ ಕ್ರಿಯೆಯಲ್ಲ, ಬಿಳುಪಿನ ಗುಣ. ‘ಬೆಳಗು’ ಇಲ್ಲಿ ಸಗೋತ್ರವೇ ಹೊರತು ಘಟಕವಲ್ಲ.

ಆದ್ದರಿಂದ ನಿಘಂಟು ಪ್ರತಿ ಸಮಾನಪದದೊಡನೆ ಅದರ ಕಾರಕ ಚೌಕಟ್ಟನ್ನೂ ಕರ್ಮಪದಗಳ ಮಿತಿಯನ್ನೂ ಕೊಡಬೇಕು. ಇವಿಲ್ಲದ ಪದಪಟ್ಟಿಯಿಂದ ವಿದ್ಯಾರ್ಥಿಯಾಗಲಿ ಯಂತ್ರಾನುವಾದವಾಗಲಿ ಪಡೆಯುವುದು ಪದಗಳನ್ನಷ್ಟೇ, ಅವುಗಳ ಬಳಕೆಯನ್ನಲ್ಲ.