ಇಟಲಿಯ ಪಾಕಗ್ರಂಥಗಳು: ಲಕ್ಷ್ಯವೂ ಲಕ್ಷಣವೂ

ಲಕ್ಷ್ಯವು ಮುಂದೆ, ಲಕ್ಷಣವು ಹಿಂದೆ. ಜನರು ಆಡುವ ಶಬ್ದವನ್ನು ನೋಡಿ ಸೂತ್ರವನ್ನು ರಚಿಸಬೇಕೇ ಹೊರತು, ಸೂತ್ರವನ್ನು ರಚಿಸಿಟ್ಟು ಜನರ ಬಾಯಿಗೆ ಶಬ್ದವನ್ನು ತುರುಕಲಾಗದೆಂಬುದನ್ನು ಮಹಾಭಾಷ್ಯಕಾರನು ಕುಂಬಾರನ ದೃಷ್ಟಾಂತದಿಂದ ಬಹುಕಾಲದ ಹಿಂದೆಯೇ ತಿಳಿಸಿರುವನು. ಈ ನ್ಯಾಯವು ಪಾಕಶಾಸ್ತ್ರಕ್ಕೂ ಸಲ್ಲುವುದೇ ಎಂಬುದನ್ನು ಪರೀಕ್ಷಿಸಲು ಇಟಲಿ ದೇಶದ ಪಾಕಗ್ರಂಥಗಳೂ ದ್ರಾಕ್ಷಾಮದ್ಯದ ಕೋಶಗಳೂ ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತವೆ. ಅಡುಗೆಯ ಪುಸ್ತಕವು ವಿಮರ್ಶೆಗೆ ತಕ್ಕುದೇ ಎಂದು ಹುಬ್ಬೇರಿಸುವವರು ಕಲ್ಯಾಣದ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅನ್ನಭೋಗದ ಪ್ರಕರಣವಿರುವುದನ್ನೂ, ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ರಚಿಸಿರುವುದನ್ನೂ ನೆನೆಯಬೇಕು. ಮದ್ಯವನ್ನು ಮುಟ್ಟದವನು ಮದ್ಯದ ಕೋಶವನ್ನು ಓದಲಾಗದೆಂಬ ನಿಷೇಧವಂತೂ ಯಾರೂ ಮಾಡಿದಂತಿಲ್ಲ.

ಈ ವರ್ಗದ ಗ್ರಂಥಗಳಲ್ಲಿ ಅಗ್ರಸ್ಥಾನವು ಪೆಲ್ಲೆಗ್ರೀನೋ ಆರ್ಟೂಸಿಯ ‘ಲಾ ಶಿಯೆಂಜಾ ಇನ್ ಕುಚೀನಾ’ ಎಂಬುದಕ್ಕೆ ಸಲ್ಲಬೇಕು. ‘ಅಡುಗೆಮನೆಯಲ್ಲಿ ಶಾಸ್ತ್ರವೂ ಚೆನ್ನಾಗಿ ಉಣ್ಣುವ ಕಲೆಯೂ’ ಎಂಬುದು ಅದರ ಪೂರ್ಣನಾಮದ ಅರ್ಥ. ಗ್ರಂಥಕರ್ತನು 1820ರಲ್ಲಿ ರೊಮಾನ್ಯಾ ಪ್ರಾಂತದ ಫೋರ್ಲಿಂಪೋಪೊಲಿ ಎಂಬ ಊರಿನಲ್ಲಿ ಹುಟ್ಟಿದವನು. 1851ರಲ್ಲಿ ದರೋಡೆಗಾರರು ಆ ಊರಿಗೆ ನುಗ್ಗಿ ಕೊಳ್ಳೆ ಹೊಡೆದಾಗ ಅವನ ತಂಗಿಯೊಬ್ಬಳಿಗೆ ಬುದ್ಧಿಭ್ರಮಣೆಯಾಯಿತು. ಕುಟುಂಬವು ಊರನ್ನು ತೊರೆದು ಫ್ಲಾರೆನ್ಸಿಗೆ ಹೋಗಿ ನೆಲಸಿತು. ಅಲ್ಲಿ ಆತನು ರೇಷ್ಮೆಯ ವ್ಯಾಪಾರದಲ್ಲಿ ಧನಾರ್ಜನೆಮಾಡಿ, ನಡುವಯಸ್ಸಿನಲ್ಲಿಯೇ ವ್ಯಾಪಾರವನ್ನು ಬಿಟ್ಟು ಸಾಹಿತ್ಯದಲ್ಲಿ ನಿರತನಾದನು. ಕವಿ ಫೋಸ್ಕೊಲೊವಿನ ಚರಿತ್ರೆಯನ್ನು ಬರೆದನು. ಜೂಸ್ತಿಯ ಪತ್ರಗಳಿಗೆ ಟಿಪ್ಪಣಿ ಬರೆದನು. ಅವೆರಡನ್ನೂ ಲೋಕವು ಮರೆತಿತು. 1891ರಲ್ಲಿ ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸ್ವಂತ ಖರ್ಚಿನಿಂದ ಪಾಕಗ್ರಂಥದ ಒಂದು ಸಾವಿರ ಪ್ರತಿಗಳನ್ನು ಅಚ್ಚುಹಾಕಿಸಿದನು. ವಿದ್ವಾಂಸನಾದ ಸ್ನೇಹಿತನೊಬ್ಬನು ಇದು ನಡೆಯುವ ಪುಸ್ತಕವಲ್ಲವೆಂದು ಮೊದಲೇ ಭವಿಷ್ಯ ನುಡಿದಿದ್ದನು. ಹುಟ್ಟೂರಿನ ಧರ್ಮಾರ್ಥದ ಲಾಟರಿಗೆಂದು ಕೊಟ್ಟ ಎರಡು ಪ್ರತಿಗಳನ್ನು ಗೆದ್ದವರು ಅವನ್ನು ಹೊಗೆಸೊಪ್ಪಿನ ಅಂಗಡಿಗೆ ಮಾರಿದರಂತೆ. ಈ ಅವಮಾನವನ್ನು ಗ್ರಂಥಕರ್ತನೇ ಮುಂದಿನ ಮುದ್ರಣಗಳ ಪೀಠಿಕೆಯಲ್ಲಿ ನಗುತ್ತ ಹೇಳಿಕೊಂಡಿರುವನು. ಮೊದಲ ಮುದ್ರಣದಲ್ಲಿ 475 ಪಾಕಗಳಿದ್ದವು. ಅವನು ತೀರಿಕೊಂಡ 1911ರ ಹೊತ್ತಿಗೆ ಅವು 790 ಆಗಿದ್ದವು.

ಈ ವೃದ್ಧಿಯ ಕಾರಣವನ್ನು ಗಮನಿಸಬೇಕು. ಪುಸ್ತಕವನ್ನು ಕೊಂಡ ಗೃಹಿಣಿಯರು ತಮ್ಮ ತಮ್ಮ ಮನೆಗಳ ಪಾಕಗಳನ್ನು ಬರೆದು ಕಳುಹಿಸಿದರು. ಆರ್ಟೂಸಿಯು ತನ್ನ ಅಡುಗೆಯವರಾದ ಫ್ರಾಂಚೆಸ್ಕೊ, ಮರಿಯೆತ್ತಾ ಇವರಿಂದ ಅವನ್ನು ಒಲೆಯ ಮೇಲೆ ಪರೀಕ್ಷೆಮಾಡಿಸಿ, ಒಪ್ಪಿದವನ್ನು ಸೇರಿಸಿದನು. ಗ್ರಂಥವು ವಾಚಕರಿಂದಲೇ ಬೆಳೆಯಿತು. ಲಕ್ಷ್ಯಾನುಸಾರಿಯಾದ ಲಕ್ಷಣಗ್ರಂಥಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನವು ಬೇಕಿಲ್ಲ.

ಭಾಷೆಯ ವಿಷಯದಲ್ಲಿ ಆತನ ಪ್ರಯತ್ನವು ಇನ್ನೂ ಕುತೂಹಲಕರವಾದುದು. ಇಟಲಿಯು ಒಂದು ರಾಜ್ಯವಾದದ್ದು 1861ರಲ್ಲಿ. ಆದರೆ ಪ್ರಾಂತಪ್ರಾಂತಕ್ಕೂ ನುಡಿಯು ಬೇರೆ, ಒಂದೇ ಪದಾರ್ಥಕ್ಕೆ ಹೆಸರು ಬೇರೆ. ಲಿವೋರ್ನೊವಿನಲ್ಲಿ ‘ಕಚ್ಚೂಕ್ಕೊ’ ಎನ್ನುವ ಮೀನಿನ ಸಾರು ಆಡ್ರಿಯಾಟಿಕ್ ತೀರದಲ್ಲಿ ‘ಬ್ರೊದೆತ್ತೊ’ ಎನಿಸುವುದು. ಫ್ಲಾರೆನ್ಸಿನಲ್ಲಿಯೋ ‘ಬ್ರೊದೆತ್ತೊ’ ಎಂದರೆ ಮೀನಿನ ಗಂಧವೂ ಇಲ್ಲದ, ಮೊಟ್ಟೆಯೂ ನಿಂಬೆಯೂ ಸೇರಿದ ಸಾರು. ದೇಶವು ಒಂದಾದ ಮೇಲೆ ಮಾತೂ ಒಂದಾಗಬೇಕಲ್ಲವೇ ಎಂದು ಆರ್ಟೂಸಿಯು ಆ ಪಾಕದ ಕೆಳಗೆ ಕೇಳಿರುವನು. ಫ್ಲಾರೆನ್ಸಿನ ನುಡಿಯಲ್ಲಿ ಬರೆದು, ಇತರ ಪ್ರಾಂತದವರಿಗೆ ತಿಳಿಯದ ತೊಸ್ಕಾನಾ ಪದಗಳಿಗೆ ಮೊದಲಿನಲ್ಲಿಯೇ ಅರ್ಥಕೋಶವನ್ನು ಜೋಡಿಸಿರುವನು. ಅದೇ ನಗರದಲ್ಲಿ 1583ರಲ್ಲಿ ಹುಟ್ಟಿ, 1612ರಲ್ಲಿ ಇಟಲಿಯ ನಿಘಂಟನ್ನು ಹೊರತಂದ ವಿದ್ವತ್ಸಭೆಗೆ ‘ಕ್ರೂಸ್ಕಾ’ ಎಂದು ಹೆಸರು. ಕ್ರೂಸ್ಕಾ ಎಂದರೆ ಹೊಟ್ಟು. ಹಿಟ್ಟನ್ನು ಜರಡಿಹಿಡಿದು ಹೊಟ್ಟನ್ನು ಬೇರ್ಪಡಿಸುವಂತೆ ಮಾತನ್ನು ಶೋಧಿಸುವುದು ಅವರ ಸಂಕಲ್ಪವಾಗಿತ್ತು. ನಿಘಂಟುಕಾರರಿಗೆ ಅಡುಗೆಮನೆಯು ಹೆಸರನ್ನು ಕೊಟ್ಟಿತು. ಆರ್ಟೂಸಿಯು ಅಡುಗೆಮನೆಗೆ ನಿಘಂಟನ್ನು ಕೊಟ್ಟನು. ಪಿಯೆರೊ ಕಂಪೊರೇಸಿ ಎಂಬ ವಿದ್ವಾಂಸನು 1970ರಲ್ಲಿ ಈ ಗ್ರಂಥವನ್ನು ಸಂಪಾದಿಸಿ, ಜನರನ್ನು ಒಂದುಗೂಡಿಸುವುದರಲ್ಲಿ ಇದು ಮಂಜೋನಿಯ ಮಹಾಕಾದಂಬರಿಗಿಂತಲೂ ಹೆಚ್ಚು ಕೆಲಸಮಾಡಿತೆಂದು ಅಭಿಪ್ರಾಯಪಟ್ಟನು. ಅದು ಅತ್ಯುಕ್ತಿಯಾಗಿ ತೋರಬಹುದಾದರೂ ನಿರಾಧಾರವಾದುದಲ್ಲ.

ಹಾಗೆಂದು ದೋಷವಿಲ್ಲವೆಂದಲ್ಲ. ಆರ್ಟೂಸಿಯ ಇಟಲಿಯು ಬಹುಮಟ್ಟಿಗೆ ರೊಮಾನ್ಯಾ, ತೊಸ್ಕಾನಾಗಳ ಇಟಲಿ. ದಕ್ಷಿಣದ ಪ್ರಾಂತಗಳಿಗೆ ಅಲ್ಲಿ ದೊರೆತಿರುವ ಎಡೆಯು ಬಹಳ ಕಿರಿದು. ‘ನೇಪಲ್ಸಿನ ಪಿಜ್ಜಾ’ ಎಂಬ ಹೆಸರಿನಲ್ಲಿ ಆತನು ಕೊಟ್ಟಿರುವುದು ರಿಕೊತ್ತಾ ಗಿಣ್ಣು, ಬಾದಾಮಿಗಳ ಸಿಹಿಭಕ್ಷ್ಯ! ಇಂದು ಲೋಕವೆಲ್ಲ ಇಟಲಿಯ ಲಾಂಛನವೆಂದು ತಿಳಿದಿರುವ ರೊಟ್ಟಿಯು ಇಟಲಿಯ ಮಾನ್ಯತಮವಾದ ಪಾಕಗ್ರಂಥದಲ್ಲಿ ಆ ಹೆಸರಿನಿಂದ ಕಾಣದಿರುವುದು ಕೋಶಗಳನ್ನು ಕಣ್ಣುಮುಚ್ಚಿ ನಂಬುವವರಿಗೆ ಒಳ್ಳೆಯ ಎಚ್ಚರಿಕೆ. ಈ ನ್ಯೂನತೆಯನ್ನು ತುಂಬಿದವರು ಆನ್ನಾ ಗೊಸೆತ್ತಿ ದೆಲ್ಲಾ ಸಾಲ್ದಾ ಎಂಬ ಮಹಿಳೆಯು. 1967ರ ಅವರ ಗ್ರಂಥವು ಪಾಕಗಳನ್ನು ಪ್ರಾಂತವಾರಾಗಿ ವಿಂಗಡಿಸಿರುವುದು. 1950ರಲ್ಲಿ ದೋಮುಸ್ ಎಂಬ ಪ್ರಕಾಶಕರಿಂದ ಹೊರಟು, 2005ರಲ್ಲಿ ಇಂಗ್ಲಿಷಿಗೂ ಬಂದ ‘ಬೆಳ್ಳಿಯ ಚಮಚ’ವೆಂಬ ಬೃಹದ್ಗ್ರಂಥದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಪಾಕಗಳಿವೆ, ಹುಡುಕುವವನಿಗೆ ಬೇಕಾದದ್ದು ಸಿಕ್ಕುವುದು, ಆದರೆ ಯಾರು ಹೇಳುತ್ತಿರುವರೆಂಬುದು ತಿಳಿಯದು.

ಇಂಗ್ಲಿಷಿನಲ್ಲಿ ಓದುವವರಿಗೆ 1954ರ ಎಲಿಜಬೆತ್ ಡೇವಿಡರ ಗ್ರಂಥವು ಗದ್ಯದ ಸೊಗಸಿನಿಂದಲೂ, 1973ರ ಮಾರ್ಚೆಲ್ಲಾ ಹಜಾನರ ಗ್ರಂಥವು ಬೋಧನೆಯ ಕ್ರಮದಿಂದಲೂ ಮುಖ್ಯವಾದುವು. ಹಜಾನರೂ ರೊಮಾನ್ಯಾದವರೇ, ಚೆಸೆನಾತಿಕೊ ಅವರ ಹುಟ್ಟೂರು. ವಿಜ್ಞಾನವನ್ನು ಓದಿ, ಮದುವೆಯಾಗಿ ಅಮೆರಿಕೆಗೆ ಹೋದ ಮೇಲೆಯೇ ಒಲೆಯ ಮುಂದೆ ನಿಂತವರು. ತಾವು ಇಟಲಿಯ ಭಾಷೆಯಲ್ಲಿ ಬರೆದುದನ್ನು ಪತಿಯಿಂದ ಇಂಗ್ಲಿಷಿಗೆ ತರಿಸಿದರು. ಕಲಿತುಕೊಂಡವರಾದುದರಿಂದಲೇ ಕಲಿಸಬಲ್ಲವರಾದರು. ಟೊಮೇಟೊ, ಬೆಣ್ಣೆ, ಎರಡಾಗಿ ಸೀಳಿದ ಒಂದು ಈರುಳ್ಳಿ, ಉಪ್ಪು ಇಷ್ಟರಿಂದಲೇ ಆಗುವ ಅವರ ವ್ಯಂಜನವು ಸೂತ್ರದಂತೆ ಅಲ್ಪಾಕ್ಷರವೂ ಅಸಂದಿಗ್ಧವೂ ಆದುದು. ಆರ್ಟೂಸಿಯಲ್ಲಿ ಕಥೆಯಿದೆ, ಇವರಲ್ಲಿ ಅಳತೆಯಿದೆ.

ದ್ರಾಕ್ಷಾಮದ್ಯದ ವಿಷಯಕ್ಕೆ ಬಂದರೆ, ಲಕ್ಷಣವು ಲಕ್ಷ್ಯವನ್ನು ನುಂಗಿದ ಕಥೆಯು ದೊರೆಯುವುದು. ಎರಡು ಸಾರಿ ಇಟಲಿಯ ಪ್ರಧಾನಮಂತ್ರಿಯಾಗಿದ್ದ ಬೆತ್ತೀನೋ ರಿಕಾಸೊಲಿಯು ಬ್ರೋಲಿಯೊ ಎಂಬ ತನ್ನ ಕೋಟೆಯ ತೋಟಗಳಲ್ಲಿ ಬಹುಕಾಲ ಪ್ರಯೋಗನಡೆಸಿ, ಕಿಯಾಂತಿ ಮದ್ಯದ ಘಟಕಗಳನ್ನು 1872ರ ಪತ್ರವೊಂದರಲ್ಲಿ ನಿರೂಪಿಸಿದನು. ಸಾಂಜೊವೇಸೆ ಎಂಬ ಕಪ್ಪುದ್ರಾಕ್ಷಿಯಿಂದ ಪರಿಮಳವೂ ಕಸುವೂ, ಕನಾಯೊಲೊವಿನಿಂದ ಮಾರ್ದವವೂ. ಇನ್ನು ಮಾಲ್ವಸೀಯಾ ಎಂಬ ಬಿಳಿದ್ರಾಕ್ಷಿಯು ಬೇಗನೆ ಕುಡಿಯುವ ಮದ್ಯಕ್ಕೆ ಮಾತ್ರ ಸಲ್ಲುವುದು, ಬಹುವರ್ಷ ಇಡತಕ್ಕ ಮದ್ಯದಲ್ಲಿ ಅದನ್ನು ಬಿಡಬಹುದು ಎಂಬುದು ಅವನ ಮತ. ಇಟಲಿಯ ಸರಕಾರವು 1963ರಲ್ಲಿ ಮದ್ಯನಾಮಗಳ ಕಾನೂನನ್ನು ಮಾಡಿ, 1967ರಲ್ಲಿ ಕಿಯಾಂತಿಗೆ ನಿಯಮವನ್ನು ವಿಧಿಸಿದಾಗ, ಬಿಳಿದ್ರಾಕ್ಷಿಯು ಶೇಕಡಾ 10ರಿಂದ 30ರವರೆಗೆ ಇರಲೇಬೇಕೆಂದು ಬರೆಯಿತು. ಮೂಲಕಾರನು ವಿಕಲ್ಪವಾಗಿ ಹೇಳಿದ್ದನ್ನು ವೃತ್ತಿಕಾರರು ನಿತ್ಯವಿಧಿಯನ್ನಾಗಿ ಮಾಡಿದರು. ಶಾಸ್ತ್ರಗಳನ್ನು ಓದಿದವರಿಗೆ ಈ ಬಗೆಯ ವ್ಯಾಖ್ಯಾನವು ಅಪರಿಚಿತವಲ್ಲ.

ಪರಿಣಾಮವೇನಾಯಿತು? ತೊಸ್ಕಾನಾದ ಉತ್ತಮ ಮದ್ಯಕಾರರು ಕಾನೂನನ್ನೇ ಬಿಟ್ಟು ಹೊರಟರು. ಬಿಳಿದ್ರಾಕ್ಷಿಯನ್ನು ತ್ಯಜಿಸಿದ ತಿನ್ಯಾನೆಲ್ಲೊ, ಸಮುದ್ರತೀರದ ಬೊಲ್ಗೆರಿಯಲ್ಲಿ ಫ್ರಾನ್ಸಿನ ದ್ರಾಕ್ಷಿಯಿಂದ ಮಾಡಿ 1968ರ ಬೆಳೆಯಿಂದ ಮಾರಾಟಕ್ಕೆ ಬಂದ ಸಾಸ್ಸಿಕಾಯಾ ಇವು ದೇಶದಲ್ಲಿಯೇ ಬೆಲೆಯುಳ್ಳ ಮದ್ಯಗಳಾಗಿಯೂ ‘ಊಟದ ಮದ್ಯ’ವೆಂಬ ಕಟ್ಟಕಡೆಯ ದರ್ಜೆಯ ಹೆಸರಿನಿಂದ ಮಾರಾಟವಾದುವು. ಕೊನೆಗೆ ಶಾಸ್ತ್ರವೇ ಬಾಗಬೇಕಾಯಿತು. ಕಿಯಾಂತಿ ಕ್ಲಾಸಿಕೊ ಸೀಮೆಯಲ್ಲಿ 1984ರಲ್ಲಿ ಬಿಳಿದ್ರಾಕ್ಷಿಯ ಪ್ರಮಾಣವನ್ನು ಇಳಿಸಿ, 2006ರ ಬೆಳೆಯಿಂದ ಅದನ್ನು ನಿಷೇಧಿಸಿದರು. ಒಮ್ಮೆ ಇರಲೇಬೇಕಾಗಿದ್ದುದು ಈಗ ಇರಲೇಬಾರದು.

ಆದುದರಿಂದ ಮದ್ಯದ ಕೋಶವನ್ನು ಕಾನೂನಿನ ದರ್ಜೆಗಳ ಪ್ರಕಾರ ಬರೆದರೆ ಅದು ಬೇಗನೆ ಹಳತಾಗುವುದು. ಬಳ್ಳಿಯ ಪ್ರಕಾರ ಬರೆದರೆ ನಿಲ್ಲುವುದು. 1980ರಲ್ಲಿ ಬರ್ಟನ್ ಆಂಡರ್ಸನ್ನನು ತನ್ನ ‘ವೀನೊ’ದಲ್ಲಿ ಬೆಳೆಗಾರರನ್ನು ಮುಂದಿಟ್ಟು ಬರೆದನು, 2014ರಲ್ಲಿ ಇಯಾನ್ ದಾಗಾತಾ ಇಟಲಿಯ ದೇಶೀಯ ದ್ರಾಕ್ಷಿಗಳನ್ನೇ ಅಧಿಕರಣವಾಗಿ ಇಟ್ಟುಕೊಂಡು ಕೋಶವನ್ನು ರಚಿಸಿದನು. ಈ ಎರಡನೆಯದು ಅಮರಕೋಶವನ್ನು ಕಂಠಪಾಠಮಾಡಿದವರಿಗೆ ಬಹಳ ಹಿಡಿಸುವಂತಹದು. ಮಾಲ್ವಸೀಯಾ ಎಂಬುದು ನಾನಾರ್ಥ. ಒಂದಕ್ಕೊಂದು ನಂಟಿಲ್ಲದ ಹಲವು ಬಳ್ಳಿಗಳಿಗೆ ಅದೊಂದೇ ಹೆಸರು. ಅತ್ತ ಪೂಲ್ಯಾ ಪ್ರಾಂತದ ಪ್ರಿಮಿತೀವೊ, ಕ್ಯಾಲಿಫೋರ್ನಿಯಾದ ಜಿನ್‌ಫಾಂಡೆಲ್ ಇವು ಪರ್ಯಾಯಗಳು. ಕ್ರೊಯೇಷಿಯಾದ ಹಳೆಯ ಬಳ್ಳಿಯೊಂದೂ ಅದೇ ಎಂಬುದು ಈ ಶತಮಾನದ ಆರಂಭದಲ್ಲಿ ವಂಶಬೀಜದ ಪರೀಕ್ಷೆಯಿಂದ ನಿಶ್ಚಿತವಾಯಿತು. 2012ರಲ್ಲಿ ರಾಬಿನ್ಸನ್, ಹಾರ್ಡಿಂಗ್, ವುಯಿಯಮೋ ಈ ಮೂವರು ಹೊರತಂದ, 1368 ಜಾತಿಗಳನ್ನು ವರ್ಣಿಸುವ ಮಹಾಕೋಶವು ವಿಸ್ತಾರದಲ್ಲಿ ಮಿಗಿಲು. ಆದರೆ ಅದು ಲೋಕಕ್ಕೆಲ್ಲ ಸಂಬಂಧಿಸಿದುದು, ರುಚಿಯ ವಿವೇಚನೆಯಲ್ಲಿ ದಾಗಾತಾನ ಆತ್ಮೀಯತೆಯು ಅದಕ್ಕಿಲ್ಲ. ದಾಗಾತಾನು ಕೆಲವೆಡೆ ತನ್ನ ಮೆಚ್ಚಿಕೆಯನ್ನು ಅಳತೆಮೀರಿ ಹರಿಯಬಿಟ್ಟಿರುವನೆಂಬುದೂ ಸತ್ಯ.

ಇವುಗಳಲ್ಲಿ ಒಂದನ್ನೇ ಓದಬಯಸುವವರು ಆರ್ಟೂಸಿಯನ್ನೇ ಹಿಡಿಯುವುದು ಲೇಸು. 1997ರಲ್ಲಿ ಬಾಕಾ ಮತ್ತು ಸಾರ್ತರೆಲ್ಲಿ ಇವರು ಮಾಡಿದ ಇಂಗ್ಲಿಷ್ ಅನುವಾದವಿದೆ. ಅದರಲ್ಲಿ ಅಡುಗೆಯವಳಾದ ಮರಿಯೆತ್ತಾಳ ಹೆಸರಿನಲ್ಲಿಯೇ ಒಂದು ಪಾನೆತ್ತೋನೆ ರೊಟ್ಟಿಯಿದೆ. ಮಿಲಾನಿನ ಅಂಗಡಿಯದಕ್ಕಿಂತ ಅದೇ ಮೇಲೆಂದು ಯಜಮಾನನು ಸಾಕ್ಷಿ ನುಡಿದಿರುವನು. ಮದುವೆಯಿಲ್ಲದ ಆತನು ಮರಣಪತ್ರದಲ್ಲಿ ಗ್ರಂಥದ ಸ್ವಾಮ್ಯವನ್ನು ಬರೆದುಕೊಟ್ಟದ್ದು ಆ ಮರಿಯೆತ್ತಾ, ಫ್ರಾಂಚೆಸ್ಕೊ ಇವರಿಬ್ಬರಿಗೆ.