ರಂಗಭೂಮಿಯ ಪ್ರಶ್ನೆ: ಪಂಪನ ಅಸ್ತ್ರವಿದ್ಯಾಪ್ರದರ್ಶನವೂ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಕ್ರೀಡೆಗಳೂ

ಪಂಪನ ವಿಕ್ರಮಾರ್ಜುನವಿಜಯದ ದ್ವಿತೀಯಾಶ್ವಾಸದಲ್ಲಿ ಬರುವ ಅಸ್ತ್ರವಿದ್ಯಾಪ್ರದರ್ಶನದ ಪ್ರಸಂಗವು ವಾಚಕರೆಲ್ಲರಿಗೂ ಸುಪರಿಚಿತವಾದುದು. ಅದರಲ್ಲಿ ದುರ್ಯೋಧನನು ಪರಾಕ್ರಮವನ್ನು ಬಿಟ್ಟು ಬೇರೆ ಹುಟ್ಟಿಲ್ಲವೆಂದು ವಾದಿಸುವ ಪದ್ಯವೊಂದನ್ನೇ ಬಿಡಿಯಾಗಿ ಆಯ್ದು ವಿದ್ಯಾರ್ಥಿಗಳಿಂದ ಕಂಠಪಾಠ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಇದು ಕರ್ಣನ ದುರಂತಕ್ಕೆ ನಾಂದಿಯೆಂದು ಕೆಲವರೂ, ದುರ್ಯೋಧನನ ಔದಾರ್ಯಕ್ಕೆ ನಿದರ್ಶನವೆಂದು ಕೆಲವರೂ ವ್ಯಾಖ್ಯಾನಿಸುವರು. ಎರಡೂ ಸುಳ್ಳಲ್ಲ, ಆದರೆ ಎರಡೂ ಅಪೂರ್ಣವೆಂದು ನನ್ನ ಮತ. ಆ ಪ್ರಸಂಗವು ಮೊದಲಾಗಿ ವಿದ್ಯಾರ್ಥಿಗಳ ಸ್ಪರ್ಧೆಯ ವರ್ಣನೆ. ಅಲ್ಲಿ ಕುಲವನ್ನು ಕೇಳಿದವರು ಶತ್ರುಗಳಲ್ಲ, ಉಪಾಧ್ಯಾಯರು. ಈ ಅಂಶಕ್ಕೆ ಸಲ್ಲಬೇಕಾದ ಗಮನವು ಸಂದಿಲ್ಲ.

ಈ ವಿಚಾರವು ನನಗೆ ಹೊಳೆದುದು ಕಾವ್ಯಮೀಮಾಂಸೆಯಿಂದಲ್ಲ, ಎರಡು ಮಹಾಯುದ್ಧಗಳ ನಡುವಣ ಐರೋಪ್ಯ ವಿದ್ಯಾರ್ಥಿಕ್ರೀಡೆಗಳ ಚರಿತ್ರೆಯಿಂದ. 1919ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟವು ಹುಟ್ಟಿತು. ಫ್ರಾನ್ಸಿನ ಜಾನ್ ಪೆತಿಜಾನ್ ಎಂಬವರ ಉದ್ಯಮದಿಂದ 1923ರಲ್ಲಿ ಪ್ಯಾರಿಸಿನಲ್ಲಿ ಪ್ರಥಮ ಕ್ರೀಡಾಕೂಟವು ನಡೆಯಿತು. ಅನಂತರ 1924ರಲ್ಲಿ ವಾರ್ಸಾ, 1927ರಲ್ಲಿ ರೋಮ್, 1928ರಲ್ಲಿ ಮತ್ತೆ ಪ್ಯಾರಿಸ್, 1930ರಲ್ಲಿ ಡಾರ್ಮ್‌ಸ್ಟಾಟ್, 1933ರಲ್ಲಿ ಟ್ಯೂರಿನ್, 1935ರಲ್ಲಿ ಬುಡಾಪೆಸ್ಟ್, 1937ರಲ್ಲಿ ಪುನಃ ಪ್ಯಾರಿಸ್. ಯುದ್ಧದಲ್ಲಿ ತಂದೆ ಅಣ್ಣಂದಿರನ್ನು ಕಳೆದುಕೊಂಡ ತರುಣರು ಓಟದಲ್ಲಿಯೂ ನೆಗೆತದಲ್ಲಿಯೂ ಕೈಕೈ ಕುಲುಕಲಿ ಎಂಬುದು ಉದ್ದೇಶ. ಉದ್ದೇಶವು ಶ್ಲಾಘ್ಯವೇ. ಆದರೆ ಬುಡಾಪೆಸ್ಟಿನ ಅಂಗಳಕ್ಕೆ ಆತಿಥೇಯರ ಪರವಾಗಿ ಯಾರು ಬರಬಹುದಾಗಿತ್ತು? ವಿದ್ಯಾರ್ಥಿಯಾದವನು. ವಿದ್ಯಾರ್ಥಿಯಾಗಲು ಯಾರಿಗೆ ಅವಕಾಶ? ಹಂಗೆರಿಯಲ್ಲಿ 1920ರಲ್ಲಿಯೇ ಯೆಹೂದ್ಯರ ವಿಶ್ವವಿದ್ಯಾಲಯಪ್ರವೇಶಕ್ಕೆ ಮಿತಿ ಹಾಕುವ ಕಾನೂನು ಹುಟ್ಟಿತ್ತು. ಜರ್ಮನಿಯು 1933ರ ಏಪ್ರಿಲಿನಲ್ಲಿ ಅಂತಹುದನ್ನೇ ಮಾಡಿತು. ಇಟಲಿಯು 1938ರಲ್ಲಿ ಬಾಗಿಲನ್ನೇ ಹಾಕಿತು. ಕ್ರೀಡಾಂಗಣದಲ್ಲಿ ಯಾರೂ ಯಾರ ಕುಲವನ್ನೂ ಕೇಳಬೇಕಾಗಿರಲಿಲ್ಲ. ಪಾಠಶಾಲೆಯ ಹೊಸ್ತಿಲಲ್ಲಿಯೇ ಕೇಳಿ ಮುಗಿದಿತ್ತು.

ವ್ಯಾಸನಿಗೆ ಈ ಎರಡು ಬಾಗಿಲುಗಳೂ ಗೊತ್ತಿದ್ದುವು. ಏಕಲವ್ಯನನ್ನು ದ್ರೋಣನು ಹೊಸ್ತಿಲಲ್ಲಿಯೇ ತಡೆದನು. ರಾಧೇಯನಾದರೋ ಆದಿಪರ್ವದ ಪ್ರಕಾರ ದ್ರೋಣನ ಬಳಿಗೆ ಬಂದವರಲ್ಲಿ ಒಬ್ಬನು. ಅವನನ್ನು ತಡೆದುದು ರಂಗದ ಬಾಗಿಲಿನಲ್ಲಿ. (ಬ್ರಹ್ಮಾಸ್ತ್ರವನ್ನು ಅವನಿಗೆ ದ್ರೋಣನು ಕೊಡಲೊಲ್ಲದ ಕಥೆ ಶಾಂತಿಪರ್ವದಲ್ಲಿದೆ, ಅರೆಬಾಗಿಲೆಂಬುದೂ ಒಂದುಂಟು.) ವ್ಯಾಸಭಾರತದಲ್ಲಿ ಕೃಪನು ಕುಲವನ್ನು ಕೇಳಿ, ಕರ್ಣನು ತಲೆತಗ್ಗಿಸಿ, ಆಮೇಲೆ ಭೀಮನು ಹಂಗಿಸಿದಾಗ, ಅವನಿಗೆ ಉತ್ತರವಾಗಿ ದುರ್ಯೋಧನನ ವಾದವು ಬರುತ್ತದೆ. ದ್ರೋಣಕೃಪರ ಜನ್ಮದ ಮಾತು ಅಲ್ಲಿ ಹಲವು ದೃಷ್ಟಾಂತಗಳಲ್ಲಿ ಒಂದು ಮಾತ್ರ. ಪಂಪನು ಮಾಡಿದ ಮಾರ್ಪಾಡು ಇಲ್ಲಿಯೇ. ಅವನಲ್ಲಿ ದುರ್ಯೋಧನನ ಮಾತು ನೇರವಾಗಿ ಆಚಾರ್ಯರಿಗೇ ತಿರುಗುತ್ತದೆ: ಕೊಡದಲ್ಲಿ ಹುಟ್ಟಿದವರೂ ಜೊಂಡಿನಲ್ಲಿ ಹುಟ್ಟಿದವರೂ ಶಿಷ್ಯನ ಹುಟ್ಟನ್ನು ಕೆದಕುವುದೆಂತು? ದೃಷ್ಟಾಂತವಾಗಿದ್ದುದು ಆಕ್ಷೇಪವಾಯಿತು. ಪಂಪನ ಪ್ರತಿಭೆಯನ್ನು ಹೊಗಳುವಾಗ ಈ ಸಣ್ಣ ತಿರುವನ್ನು ಎತ್ತಿ ತೋರಿಸುವವರು ವಿರಳ. ಬಹುಶಃ ನಾವೆಲ್ಲರೂ ಉಪಾಧ್ಯಾಯರಾಗಿರುವುದು ಅದಕ್ಕೆ ಕಾರಣವಿರಬಹುದು.

ಇಲ್ಲಿ ಪೂರ್ವಪಕ್ಷವೊಂದುಂಟು. ಕೃಪನು ದ್ವಂದ್ವಯುದ್ಧದ ಧರ್ಮವನ್ನು ಬಲ್ಲವನು. ಸಮನೊಡನೆ ಸಮನು ಹೋರಬೇಕೆಂಬ ನಿಯಮವನ್ನು ನೆನಪಿಸಿದನೇ ಹೊರತು ಅವಮಾನಿಸಲಿಲ್ಲ ಎಂದು. ಒಪ್ಪತಕ್ಕ ಮಾತು. ಭೀಮಾತೀರದ ನಮ್ಮ ಮಣ್ಣೂರಿನ ಕಡೆಯ ಕುಸ್ತಿಯ ಕಣದಲ್ಲಿಯೂ ಜೋಡಿ ಹಚ್ಚುವಾಗ ಪ್ರಶ್ನೆಗಳುಂಟು. ಆದರೆ ಅಲ್ಲಿ ಕೇಳುವುದು ಯಾವ ಗರಡಿ, ಯಾರ ಶಿಷ್ಯ, ಮೈಕಟ್ಟು ಎಷ್ಟು ಎಂದು. ಸಾಮ್ಯವನ್ನು ಯಾವುದರಲ್ಲಿ ಅಳೆಯಬೇಕೆಂಬುದೇ ವಿವಾದದ ಮೂಲ. ಕೃಪನು ಅದನ್ನು ವಿದ್ಯೆಯಲ್ಲಿ ಅಳೆಯಲಿಲ್ಲ.

ಇನ್ನು ದುರ್ಯೋಧನನ ಔದಾರ್ಯ. ಅವನ ಮಾತು ನಿಯಮವನ್ನು ಖಂಡಿಸುತ್ತದೆ. ಅವನ ಕೃತಿಯು ಆ ನಿಯಮಕ್ಕೇ ತಲೆಬಾಗುತ್ತದೆ. ರಾಜನಲ್ಲದವನು ಹೋರಬಾರದೆಂದರೆ ಇವನನ್ನು ರಾಜನನ್ನಾಗಿ ಮಾಡುವೆನೆಂದು ಅಂಗರಾಜ್ಯವನ್ನು ಕೊಟ್ಟನಷ್ಟೆ. ಬಾಗಿಲು ಹಾಗೆಯೇ ಉಳಿಯಿತು. ಒಬ್ಬನು ದಾತನ ಕೈಹಿಡಿದು ಒಳಹೊಕ್ಕನು, ಋಣಿಯಾದನು. ವಿದ್ಯಾರ್ಥಿಕೂಟವಲ್ಲದಿದ್ದರೂ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಬರಿಗಾಲಿನ ರೈತರ ಓಟವನ್ನು ಕಂಡು ದೊರಾಬ್ಜಿ ತಾತಾ ಅವರು ಹಣವೊದಗಿಸಿದ್ದರಿಂದಲೇ 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡವು ಹೋಗುವಂತಾಯಿತು. ಅದರಲ್ಲಿದ್ದ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು 42.75 ಕಿಲೋಮೀಟರಿನ ಮ್ಯಾರಥಾನ್ ಓಟದಲ್ಲಿ 19ನೆಯವರಾದರು. ತಾತಾ ಅವರ ದಾನವು ದುರ್ಯೋಧನನದಂತೆ ಸ್ವಾರ್ಥದ್ದಲ್ಲ. ಆದರೂ ಕಾಲಲ್ಲಿ ಬಲವಿದ್ದವನಿಗೆ ದಾತನು ಬೇಕಾದುದು ನಿಜ. ಅದೇ ಕಾಲದಲ್ಲಿ ನಮ್ಮ ಕಲಬುರಗಿಯ ಸೀಮೆಯು ನಿಜಾಮರ ಆಳ್ವಿಕೆಯಲ್ಲಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿ. ಕಲಬುರಗಿಗೆ ಸ್ವಂತ ವಿಶ್ವವಿದ್ಯಾಲಯವು ಬಂದುದು 1980ರಲ್ಲಿ. ಕನ್ನಡವನ್ನು ಮಾತ್ರ ಬಲ್ಲ ಹುಡುಗನನ್ನು ಯಾರೂ ಹೊರದೂಡಬೇಕಾಗಿರಲಿಲ್ಲ.

1939ರ ಆಗಸ್ಟಿನಲ್ಲಿ ವಿದ್ಯಾರ್ಥಿಗಳ ರಂಗವೇ ಎರಡಾಯಿತು. ಒಕ್ಕೂಟದ ಕೂಟವು ಮೊನಾಕೋದಲ್ಲಿ. ಜರ್ಮನಿ ಏರ್ಪಡಿಸಿದ ಪ್ರತಿಕೂಟವು ವಿಯೆನ್ನಾದಲ್ಲಿ. ಎರಡೆಡೆಯೂ ವಿಜಯಿಗಳಿಗೆ ಪದಕಗಳು. ಸೆಪ್ಟೆಂಬರ್ 1ಕ್ಕೆ ಯುದ್ಧವು ಆರಂಭವಾಯಿತು. ವ್ಯಾಸನ ರಂಗವೂ ನಿರ್ಣಯವಿಲ್ಲದೆಯೇ ಮುಗಿಯುತ್ತದೆ: ಸೂರ್ಯನು ಮುಳುಗುವನು, ದುರ್ಯೋಧನನು ಕರ್ಣನ ಕೈಹಿಡಿದು ದೀವಟಿಗೆಗಳ ಬೆಳಕಿನಲ್ಲಿ ಹೊರನಡೆಯುವನು.

ಆದಕಾರಣ ಪಾಠಪುಸ್ತಕಗಳನ್ನು ಸಂಪಾದಿಸುವ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ. ಆ ಪದ್ಯವನ್ನು ಒಂಟಿಯಾಗಿ ಅಚ್ಚುಮಾಡಬಾರದು. ಅದಕ್ಕೆ ಹಿಂದಿರುವ ಆಚಾರ್ಯರ ಪ್ರಶ್ನೆಯನ್ನೂ ಮುಂದಿರುವ ಪಟ್ಟಾಭಿಷೇಕವನ್ನೂ ಸೇರಿಸಿಯೇ ಕೊಡಬೇಕು.